ಮುರಿದ ಸಾಟಾ ಕನೆಕ್ಟರ್: ಡ್ರೈವನ್ನು ಎಷ್ಟರಮಟ್ಟಿಗೆ ನಂಬಬಹುದು?

ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯ ಸಾಟಾ ಕನೆಕ್ಟರ್ (ಡೇಟಾ ಮತ್ತು ವಿದ್ಯುತ್ ಕೇಬಲ್‌ಗಳನ್ನು ಸಿಕ್ಕಿಸುವ ಭಾಗ) ಮುರಿದಿದೆ ಎಂದು ತರುವವರ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಮುರಿದಿರುವುದು ಲೋಹದ ಪಿನ್‌ಗಳಲ್ಲ, ಅವುಗಳಿಗೆ ಆಸರೆಯಾಗಿರುವ ಎಲ್ ಆಕಾರದ ತೆಳು ಪ್ಲಾಸ್ಟಿಕ್ ಪಟ್ಟಿ. ಕೇಬಲನ್ನು ನೇರವಾಗಿ ಎಳೆಯದೆ ಪಕ್ಕಕ್ಕೆ ವಾಲಿಸಿ ಕಿತ್ತಾಗ ಈ ಪಟ್ಟಿ ಮುರಿದು, ಅದರ ತುಂಡು ಕೇಬಲಿನ ಬಾಯಿಯಲ್ಲೇ ಉಳಿದುಬಿಡುತ್ತದೆ. ಒಳಗಿನ ಡೇಟಾಕ್ಕೆ ಇದರಿಂದ ಏನೂ ಆಗಿರುವುದಿಲ್ಲ. ಕೆಡುವುದೇನಿದ್ದರೂ ಆಮೇಲೆ, ಅದನ್ನು ಮತ್ತೆ ಮತ್ತೆ ಸಿಕ್ಕಿಸಿ ನೋಡುವಾಗ.

ಮುರಿದಿರುವುದು ಡೇಟಾ ಭಾಗವೋ ವಿದ್ಯುತ್ ಭಾಗವೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಡೇಟಾ ಭಾಗದಲ್ಲಿ 7 ಸಂಪರ್ಕಗಳಿದ್ದು, 3 ಗ್ರೌಂಡ್ ಆಗಿರುತ್ತವೆ. ಉಳಿದ 4 ಜೋಡಿ ಜೋಡಿಯಾಗಿ ಕಳುಹಿಸುವ ಮತ್ತು ಪಡೆಯುವ ಕೆಲಸ ಮಾಡುತ್ತವೆ. ಅಲ್ಲಿನ ಸಂಕೇತದ ವೋಲ್ಟೇಜ್ ಒಂದು ವೋಲ್ಟಿಗಿಂತಲೂ ಕಡಿಮೆಯಾದ್ದರಿಂದ, ಸಂಪರ್ಕ ಸಡಿಲವಾದರೆ ಡ್ರೈವ್ ಕಾಣಿಸದೆ ಹೋಗಬಹುದು ಅಥವಾ ಸೆಕೆಂಡಿಗೆ 6 ಗಿಗಾಬಿಟ್ ಇದ್ದ ವೇಗ 3ಕ್ಕೋ 1.5ಕ್ಕೋ ಇಳಿಯಬಹುದು. ವಿದ್ಯುತ್ ಭಾಗದ 15 ಸಂಪರ್ಕಗಳ ಕತೆ ಬೇರೆ. ಅಲ್ಲಿ 3.3, 5 ಮತ್ತು 12 ವೋಲ್ಟ್‌ಗಳು ಒಂದೇ ಸಾಲಿನಲ್ಲಿ ಇರುತ್ತವೆ. ದಿಕ್ಕು ತೋರುವ ಎಲ್ ಮೂಲೆಯೇ ಇಲ್ಲದಿರುವಾಗ ಕೇಬಲ್ ತಿರುವುಮುರುವಾದರೆ ಅಥವಾ ಬಾಗಿದ ಪಿನ್ ಪಕ್ಕದ್ದಕ್ಕೆ ತಗುಲಿದರೆ ಸರ್ಕ್ಯೂಟ್ ಬೋರ್ಡ್ ಸುಟ್ಟುಹೋಗಬಹುದು. ಅದೇ ಮಾದರಿಯ ಬೇರೆ ಬೋರ್ಡ್ ತಂದು ಹಾಕಿದರಾಯಿತು ಎಂದುಕೊಳ್ಳುವಂತಿಲ್ಲ. ಈಗಿನ ಹಾರ್ಡ್ ಡಿಸ್ಕ್‌ಗಳಲ್ಲಿ ಆಯಾ ಡಿಸ್ಕಿಗೆ ಮಾತ್ರ ಹೊಂದುವ ಮಾಪನ ವಿವರಗಳು ಬೋರ್ಡಿನ ಚಿಪ್‌ನಲ್ಲಿರುವುದರಿಂದ ಆ ಚಿಪ್ಪನ್ನೂ ವರ್ಗಾಯಿಸಬೇಕಾಗುತ್ತದೆ. ಆದ್ದರಿಂದ ವಿದ್ಯುತ್ ಭಾಗ ಮುರಿದಿದ್ದು, ಒಳಗಿನ ಡೇಟಾಕ್ಕೆ ಬೇರೆ ಪ್ರತಿ ಇಲ್ಲದಿದ್ದರೆ ಸ್ವತಃ ಪ್ರಯೋಗಕ್ಕೆ ಇಳಿಯಬಾರದು.

ಡೇಟಾ ಭಾಗ ಮಾತ್ರ ಮುರಿದು ಪಿನ್‌ಗಳು ನೆಟ್ಟಗಿದ್ದರೆ, ಕಂಪ್ಯೂಟರ್ ಪೂರ್ತಿ ಆಫ್ ಆಗಿರುವಾಗ, ತುಂಡನ್ನು ಕೇಬಲಿನಲ್ಲೇ ಬಿಟ್ಟು, ಪಿನ್‌ಗಳು ತಮ್ಮ ತೋಡುಗಳಲ್ಲಿ ಕೂರುವಂತೆ ಭೂತಗನ್ನಡಿಯಲ್ಲಿ ನೋಡುತ್ತ ಮೆಲ್ಲನೆ ಸೇರಿಸಬಹುದು. ಬಳಿಕ ಡ್ರೈವ್ ಮತ್ತು ಕೇಬಲ್ ಎರಡೂ ಅಲುಗದಂತೆ ಬಿಗಿಯಬೇಕು. ಸೂಪರ್ ಗ್ಲೂ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅದು ಸಂದಿಗಳಲ್ಲಿ ಹರಿದು ಪಿನ್ನಿನ ಮೇಲೆ ವಿದ್ಯುತ್ ಹರಿಯದ ಪೊರೆ ಕಟ್ಟುತ್ತದೆ.

ಡ್ರೈವ್ ಕಾಣಿಸಿಕೊಂಡ ಕೂಡಲೇ, ಮುಖ್ಯವಾದ ಕಡತಗಳಿಂದ ತೊಡಗಿ, ಎಲ್ಲವನ್ನೂ ಬೇರೆ ಡ್ರೈವಿಗೆ ನಕಲಿಸಬೇಕು. ಡಿಸ್ಕ್ ದುರಸ್ತಿಯ ತಂತ್ರಾಂಶವನ್ನು ಆಗ ಓಡಿಸಬಾರದು, ಏಕೆಂದರೆ ಅದು ಡ್ರೈವಿಗೆ ಬರೆಯುತ್ತದೆ, ಬರೆಯುತ್ತಿರುವಾಗ ಸಂಪರ್ಕ ತಪ್ಪಿದರೆ ಫೈಲ್ ಸಿಸ್ಟಮ್ಮೇ ಹಾಳಾಗಬಹುದು. ನಕಲಿನ ನಡುವೆ, ಡ್ರೈವ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸುವ ಸ್ಮಾರ್ಟ್ ವಿವರಗಳಲ್ಲಿ, 199ನೆಯ ಅಂಶವಾದ ಸಿಆರ್‌ಸಿ ದೋಷಗಳ (ಕೇಬಲಿನಲ್ಲಿ ಸಾಗುವಾಗ ಡೇಟಾ ಕೆಟ್ಟ ಸಲಗಳ) ಎಣಿಕೆ ಏರುತ್ತಿದ್ದರೆ ತೊಂದರೆ ಸಂಪರ್ಕದ್ದು. ಡಿಸ್ಕಿನಲ್ಲಿ ಕೆಟ್ಟ ಅಥವಾ ಶಂಕಿತ ಜಾಗಗಳನ್ನು ಎಣಿಸುವ 5 ಅಥವಾ 197ನೆಯ ಅಂಶ ಏರುತ್ತಿದ್ದರೆ ಡಿಸ್ಕಿನದೇ. ಹಳೆಯ ಸಿಆರ್‌ಸಿ ಎಣಿಕೆ ಅಳಿಯುವುದಿಲ್ಲವಾದ್ದರಿಂದ ನೋಡಬೇಕಾದುದು ಸಂಖ್ಯೆಯನ್ನಲ್ಲ, ಅದರ ಏರಿಕೆಯನ್ನು.

ನಕಲು ಮುಗಿದ ಮೇಲೆ ಕೆಲವರು ಅದೇ ಡ್ರೈವನ್ನು ಹಾಗೆಯೇ ಮುಂದುವರಿಸುತ್ತಾರೆ. ಆಸರೆಯಿಲ್ಲದ ಪಿನ್‌ಗಳು ಬಾಗುವುದಕ್ಕೆ ಒಂದು ಸಣ್ಣ ತಗುಲುವಿಕೆ ಸಾಕು. ಹೊಸ ಕನೆಕ್ಟರನ್ನು ಬೋರ್ಡಿಗೆ ಸರಿಯಾಗಿ ಬೆಸುಗೆ ಹಾಕಿಸಿದ್ದರೆ ಮಾತ್ರ ಅದನ್ನು ದಿನಬಳಕೆಗೆ ಇಟ್ಟುಕೊಳ್ಳಬಹುದು, ಅದೂ ಬ್ಯಾಕಪ್ ಇದ್ದಾಗ.