ಓದುಗರ ಪ್ರಶ್ನೆ: ಮಳೆಗಾಲದ ತರಗತಿಗೆ ಬೆಂಚು ಬೇಕೆ, ಚಾಪೆ ಸಾಕೆ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆಯ ಸಣ್ಣ ಸರ್ಕಾರಿ ಶಾಲೆ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ನಲಿ-ಕಲಿಗೆ (ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ) ಕೂರುತ್ತಾರೆ. ಜೂನ್ ಬಂತೆಂದರೆ ಸಿಮೆಂಟ್ ನೆಲ ಕೊರೆಯುತ್ತದೆ, ಚಾಪೆ ಒಣಗುವುದೇ ಇಲ್ಲ. ದಾನಿಯೊಬ್ಬರು ಬೆಂಚು ಮಾಡಿಸಿಕೊಡುತ್ತೇನೆ ಎಂದಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ದಾನ ಒಪ್ಪಿಕೊಳ್ಳಿ, ಬೆಂಚು ಬೇಡ ಎನ್ನಿ. ಅದೇ ದುಡ್ಡಿಗೆ ಎತ್ತಿಡಲು ಬರುವ ಮರದ ಹಾಸು ಮತ್ತು ಹಗುರ ಮೇಜು-ಕುರ್ಚಿ ಮಾಡಿಸಿ. ನಲಿ-ಕಲಿಯ ಮಕ್ಕಳು ಕಲಿಕಾ ಏಣಿ (ಕಲಿಕೆಯ ಹಂತಗಳನ್ನು ತೋರಿಸುವ ಪಟ) ನೋಡಿ, ಕಾರ್ಡ್ ಎತ್ತಿಕೊಂಡು, ಗುಂಪಿನಿಂದ ಗುಂಪಿಗೆ ಹೋಗುತ್ತಲೇ ಇರಬೇಕು. ಉದ್ದ ಬೆಂಚು ಬಂದರೆ ಆ ಓಡಾಟಕ್ಕೆ ಜಾಗ ಉಳಿಯದು. ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆಂದೇ ಬಳಿದ ಕಪ್ಪುಹಲಗೆಯೂ ಅದರ ಹಿಂದೆ ಮುಚ್ಚಿಹೋಗುತ್ತದೆ.

ಚಳಿ ಹತ್ತುವುದು ನೆಲದಿಂದ. ಸಿಮೆಂಟ್ ಮೈಯ ಬಿಸಿಯನ್ನು ಮರಕ್ಕಿಂತ ಹಲವು ಪಟ್ಟು ಬೇಗ ಎಳೆದುಕೊಳ್ಳುತ್ತದೆ. ತಣ್ಣನೆಯ ನೆಲಕ್ಕೆ ಹಸಿಗಾಳಿ ತಾಗಿದರೆ ನೆಲವೇ ಬೆವರುತ್ತದೆ. ಆ ನೀರು ಚಾಪೆಯಡಿ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಫೋಮ್ ಮ್ಯಾಟ್ ಹಾಸಿದರೂ ಅಷ್ಟೇ. ಎಷ್ಟು ದಪ್ಪ ಹಾಸಿದಿರಿ ಎನ್ನುವುದಕ್ಕಿಂತ ಅಡಿಯಲ್ಲಿ ಗಾಳಿ ಆಡುತ್ತದೆಯೇ ಎನ್ನುವುದೇ ಮುಖ್ಯ.

ಹಾಸಿನ ಒಂದೊಂದು ತುಂಡು 4 ಅಡಿ ಉದ್ದ, 2 ಅಡಿ ಅಗಲ ಇರಲಿ. ಎರಡೂವರೆ ಇಂಚು ಎತ್ತರದ ನಾಲ್ಕು ಅಡ್ಡ ರೀಪುಗಳನ್ನು 16 ಇಂಚಿಗೊಂದರಂತೆ ಇಟ್ಟು, ಮೇಲೆ ಮುಕ್ಕಾಲು ಇಂಚಿನ ಪಟ್ಟಿಗಳನ್ನು 5 ಮಿ.ಮೀ. ಎಡೆ ಬಿಟ್ಟು ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ. ಮೊಳೆ ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದು ತಲೆ ಎತ್ತುತ್ತದೆ, ಕೂತ ಮಗುವಿನ ಬಟ್ಟೆ ಹರಿಯುತ್ತದೆ. ರೀಪಿನಡಿಗೆ ರಬ್ಬರ್ ಗುಂಡಿ ಇರಲಿ, ಗೋಡೆಯಿಂದ ಎರಡು ಇಂಚು ದೂರವಿಡಿ. ಇಂಥ ಎಂಟು ತುಂಡು ಸೇರಿದರೆ ಹದಿನಾರು ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂರಬಹುದು. ತುಂಡೊಂದು ಸುಮಾರು 12 ಕೆ.ಜಿ. ತೂಗುತ್ತದೆ, ಶನಿವಾರ ಗೋಡೆಗೆ ಒರಗಿಸಿಟ್ಟರೆ ನೆಲವೂ ಆರುತ್ತದೆ, ಹಾಸೂ ಆರುತ್ತದೆ. ಮಕ್ಕಳು ಎಡವದಂತೆ ಮೂಲೆಗೆ ಹೊಂದಿಸಿ, ಹೊರ ಅಂಚನ್ನು ಉರುಟು ಮಾಡಿಸಿ ಹಳದಿ ಬಣ್ಣ ಬಳಿಯಿರಿ.

ಮರಕ್ಕೆ ದೂರ ಹೋಗಬೇಕಿಲ್ಲ. ಕಾಫಿ ತೋಟದ ಸಿಲ್ವರ್ ಓಕ್ ಮರ ಸಾಕು, ಚೆನ್ನಾಗಿ ಒಣಗಿರಬೇಕು ಅಷ್ಟೆ. ಅಂಚಿನ ಬಿಳಿ ಭಾಗಕ್ಕೆ ಹುಳು ಬೀಳುತ್ತದೆ, ಅದನ್ನು ತೆಗೆಸಿ. ಆಚಾರಿ ಜೊತೆ ಪಟ್ಟು ಹಿಡಿಯಬೇಕಾದದ್ದು ಪಾಲಿಶ್ ವಿಷಯದಲ್ಲಿ. ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಮೇಲ್ಮೈಗೆ ಮಾತ್ರ ಬಳಿದು ಅಡಿಭಾಗ ಹಾಗೇ ಬಿಡುತ್ತಾರೆ. ಜುಲೈಯಲ್ಲಿ ಅಡಿಮೈ ಮಾತ್ರ ತೇವ ಕುಡಿದು ಉಬ್ಬುತ್ತದೆ, ಮೇಲ್ಮೈ ಉಬ್ಬುವುದಿಲ್ಲ, ಹಲಗೆ ಬಾಗುತ್ತದೆ. ಆರೂ ಮೈಗೆ, ಕೊಯ್ದ ತುದಿಗಳಿಗಂತೂ ತಪ್ಪದೆ, ಎರಡು ಕೋಟ್ ಪಾಲಿಯುರೆಥೇನ್ ಆಗಲೇಬೇಕು. ಅಗಸೆ ಎಣ್ಣೆ ನಮ್ಮ ಕಡೆಯ ತೇವಕ್ಕೆ ಬೂಷ್ಟನ್ನು ಕರೆಯುತ್ತದೆ, ಬೇಡ.

ಮೇಜಿನ ಉದ್ದದ ಬದಿ 4 ಅಡಿ, ಉಳಿದ ಮೂರು ಬದಿ ತಲಾ 2 ಅಡಿ. ಎರಡನ್ನು ಜೋಡಿಸಿದರೆ ಆರು ಮಕ್ಕಳ ಗುಂಪಿಗೆ ಷಟ್ಕೋನ. ಬಿಡಿಸಿ ಸಾಲಾಗಿಯೂ ಇಡಬಹುದು. ಪ್ಲೈವುಡ್ ಆದರೆ ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್) ಮುದ್ರೆ ನೋಡಿ ಕೊಳ್ಳಿ. ಪಾರ್ಟಿಕಲ್ ಬೋರ್ಡ್ ಕೊಡಗಿನ ಮಳೆಗೆ ಬಾಳುವುದಿಲ್ಲ. ಎತ್ತರಕ್ಕೆ ತರಗತಿ ಕೇಳಬೇಡಿ, ಮಕ್ಕಳನ್ನೇ ಅಳೆಯಿರಿ: 108ರಿಂದ 121 ಸೆಂ.ಮೀ. ಇರುವವರಿಗೆ ಕುರ್ಚಿ 12 ಇಂಚು, ಮೇಜು 21 ಇಂಚು. ಅದಕ್ಕಿಂತ ಎತ್ತರದವರಿಗೆ, 142ರವರೆಗೆ, 14 ಮತ್ತು 23. ಪಾದ ಪೂರ್ತಿ ನೆಲಕ್ಕೂರಬೇಕು. ಕಾಲು ಜೋತಾಡುವ ಮಗು ಹೆಚ್ಚು ಹೊತ್ತು ಬರೆಯಲಾರದು.

ಗುಂಪುಗಳ ನಡುವೆ ಮರೆಗೆ 30 ಇಂಚು ಎತ್ತರದ ಕಾರ್ಡ್ ಕಪಾಟು ಸಾಕು, ಆಚೆಯ ಮಕ್ಕಳು ಟೀಚರ್ ಕಣ್ಣಿಗೆ ಕಾಣುತ್ತಿರುತ್ತಾರೆ. ಆಳ 14 ಇಂಚಿಗೆ ಕಮ್ಮಿಯಾದರೆ ಮಗುಚುತ್ತದೆ. ಹಳೆಯ ಗುಂಡಿಬಿದ್ದ ನೆಲದಲ್ಲಿ ಸಣ್ಣ ಚಕ್ರ ಸಿಕ್ಕಿಕೊಳ್ಳುವುದರಿಂದ ಲಾಕ್ ಇರುವ 3 ಇಂಚಿನ ರಬ್ಬರ್ ಚಕ್ರ ಹಾಕಿಸಿ.

ಇಷ್ಟೆಲ್ಲ ಮಾಡಿ ಒದ್ದೆ ಕೊಡೆ, ರೇನ್‌ಕೋಟನ್ನು ಒಳಗೆ ಬಿಟ್ಟರೆ ಕೋಣೆ ಆರುವುದೇ ಇಲ್ಲ. ಜಗಲಿಯಲ್ಲೇ ಮೂರಡಿ ಎತ್ತರಕ್ಕೆ ಕೊಕ್ಕೆಪಟ್ಟಿ ಹೊಡೆಸಿ, ಕೆಳಗೆ ನೀರು ಹರಿದುಹೋಗುವಂತೆ ಇಳಿಜಾರು ಮಾಡಿಸಿ.

ಮರಗೆಲಸ ಫೆಬ್ರವರಿ–ಏಪ್ರಿಲ್ ಒಳಗೆ ಮುಗಿಯಲಿ. ಮಳೆಯಲ್ಲಿ ಕೂಡಿಸಿದ ಕೀಲು ಬೇಸಿಗೆಗೆ ಸಡಿಲವಾಗುತ್ತದೆ, ಪಾಲಿಶ್ ಕೂಡ ಸರಿಯಾಗಿ ಹಿಡಿಯುವುದಿಲ್ಲ.