ಹ್ಯಾಂಡಿಕ್ಯಾಪ್ ಸೊನ್ನೆ ಆಯ್ತು, ಇನ್ನು ಮಗನನ್ನ ಪ್ರೊ ಮಾಡಿಸಬಹುದಾ?

ಪ್ರಶ್ನೆ: ನಮ್ಮ ಹುಡುಗನಿಗೆ 16 ವರ್ಷ. ಚಿಕ್ಕಂದಿನಿಂದ ಗಾಲ್ಫ್ ಆಡ್ತಾನೆ. ಮೊನ್ನೆ ಅವನ ಹ್ಯಾಂಡಿಕ್ಯಾಪ್ ಸೊನ್ನೆಗೆ ಬಂತು. "ಇನ್ನೇನು, ಪ್ರೊ ಮಾಡಿಸಿಬಿಡಿ" ಅಂತ ಕ್ಲಬ್ಬಿನಲ್ಲಿ ಎಲ್ಲರೂ ಹೇಳ್ತಿದ್ದಾರೆ. ಅರ್ಜಿ ಎಲ್ಲಿ ಹಾಕಬೇಕು? ಪಿಯುಸಿ ಬಿಡಿಸಬಹುದಾ?

ಉತ್ತರ: ಕೇಳುವವರು ಬದಲಾಗುತ್ತಾರೆ, ಹುಡುಗನ ವಯಸ್ಸು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಯಾರೇ ಕೇಳಿದರೂ ಇದನ್ನೇ ಕಳಿಸಿಬಿಡೋಣ. ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು: ಕಡಿಮೆ ಹೊಡೆತದಲ್ಲಿ ಆಟ ಮುಗಿಸಿದವನೇ ಇಲ್ಲಿ ಗೆದ್ದ. ಹ್ಯಾಂಡಿಕ್ಯಾಪ್ ಅಂದರೆ ಆಟಗಾರನ ಮಟ್ಟ ಹೇಳುವ ಅಂಕೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ರೊ ಅಂದರೆ ದುಡ್ಡಿಗೆ ಆಡುವ ವೃತ್ತಿಪರ, ಅಮೆಚೂರ್ ಅಂದರೆ ಹವ್ಯಾಸಿ.

ಮೊದಲು, ಅರ್ಜಿ ವಿಷಯ. ಪ್ರೊ ಆಗೋಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ಹುಡುಗ ನಾಳೆ ಒಂದು ಟೂರ್ನಿಗೆ ಪ್ರೊ ಅಂತ ಹೆಸರು ಕೊಟ್ಟು ಆಡಿದರೆ ಆಯ್ತು, ಅವನು ಪ್ರೊ. 2022ರಲ್ಲಿ ಅಮೆಚೂರ್ ನಿಯಮಗಳನ್ನು ಹೊಸದಾಗಿ ಬರೆದರು. ಅದರ ಪ್ರಕಾರ ಪಂದ್ಯದಲ್ಲಿ 1,000 ಡಾಲರ್‌ಗಿಂತ ಜಾಸ್ತಿ ಬೆಲೆಯ ಬಹುಮಾನ ತೆಗೆದುಕೊಂಡರೂ ಅಮೆಚೂರ್ ಅನ್ನೋದು ಹೋಗುತ್ತದೆ. ದುಡ್ಡು ತೆಗೆದುಕೊಂಡು ಬೇರೆಯವರಿಗೆ ಆಟ ಹೇಳಿಕೊಟ್ಟರೂ ಸಾಮಾನ್ಯವಾಗಿ ಅದೇ ಕಥೆ. ಅಂದರೆ ಪ್ರೊ ಆಗೋದು ಬಲು ಸುಲಭ. ಆದ ಮೇಲೆ ಆಡೋಕೆ ಒಂದು ಜಾಗ ಬೇಕಲ್ಲ, ಕಷ್ಟ ಇರೋದು ಅಲ್ಲಿ.

ಅಮೆಚೂರ್ ಆಗಿದ್ದುಕೊಂಡೇ ಪ್ರೊಗಳ ಜೊತೆ ಆಡಬಹುದು, ಗೆಲ್ಲಲೂಬಹುದು. ಆ ಮಿತಿ ಮೀರಿದ ದುಡ್ಡು ಮಾತ್ರ ಮುಟ್ಟುವ ಹಾಗಿಲ್ಲ. 2009ರ ಐರಿಶ್ ಓಪನ್ ಗೆದ್ದಾಗ ಶೇನ್ ಲೌರಿ ಅಮೆಚೂರ್. ಗೆದ್ದವನ ಬಹುಮಾನ ಸೋತ ರಾಬರ್ಟ್ ರಾಕ್ ಜೇಬಿಗೆ ಹೋಯಿತು. 2024ರ ಜನವರಿಯಲ್ಲಿ ನಿಕ್ ಡನ್‌ಲ್ಯಾಪ್ ಅನ್ನುವ ಕಾಲೇಜು ಹುಡುಗ ಅಮೆರಿಕದ ಪ್ರೊಗಳ ದೊಡ್ಡ ಪಂದ್ಯಸರಣಿಯಾದ ಪಿಜಿಎ ಟೂರ್‌ನ ಪಂದ್ಯವೊಂದನ್ನು ಗೆದ್ದ. 1991ರಲ್ಲಿ ಫಿಲ್ ಮಿಕಲ್‌ಸನ್ ಗೆದ್ದ ಮೇಲೆ ಯಾವ ಅಮೆಚೂರ್‌ಗೂ ಆಗದೇ ಇದ್ದ ಕೆಲಸ ಅದು. 15 ಲಕ್ಷ ಡಾಲರ್ ಎರಡನೇ ಸ್ಥಾನದವನಿಗೆ ಹೋಯಿತು. ಹುಡುಗ ಕೆಲವೇ ದಿನಗಳಲ್ಲಿ ಪ್ರೊ ಆದ. ಆಗದೆ ಇನ್ನೇನು ಮಾಡ್ತಾನೆ, ಪಾಪ. ನಮ್ಮ ಇಂಡಿಯನ್ ಓಪನ್ನನ್ನು ಮೊದಲು ಗೆದ್ದ ಭಾರತೀಯನೂ ಅಮೆಚೂರೇ: 1965ರಲ್ಲಿ ಪಿ.ಜಿ. ಸೇಠಿ.

ಈಗ ಆ ಸೊನ್ನೆಯ ವಿಷಯಕ್ಕೆ ಬರೋಣ. ಕ್ಲಬ್ಬಿನ ಬಾರ್‌ನಲ್ಲಿ ಕೂತ ಅಂಕಲ್‌ಗಳು ಹಬ್ಬಿಸಿದ ಸುಳ್ಳುಗಳಲ್ಲಿ ಎಷ್ಟು ಹೇಳಿದರೂ ಸಾಯದೇ ಇರೋದು ಇದೊಂದೇ. ಹ್ಯಾಂಡಿಕ್ಯಾಪ್ 18 ಇದ್ದದ್ದು 10 ಆಗುತ್ತೆ, 5 ಆಗುತ್ತೆ, ಕೊನೆಗೆ ಸೊನ್ನೆ ಆಗುತ್ತೆ, ಅಲ್ಲಿಂದ ಮುಂದಿನ ಕ್ಲಾಸೇ ಪ್ರೊ ಅಂತ ಇವರ ಲೆಕ್ಕ. ಸ್ವಾಮಿ, ಹಾಗಿಲ್ಲ. ಸೊನ್ನೆ ಅನ್ನೋದು ಕೊನೆ ಮೆಟ್ಟಿಲಲ್ಲ. ಅದರ ಕೆಳಗೆ, ಸೊನ್ನೆಗಿಂತ ಚೆನ್ನಾಗಿ ಆಡುವವರಿಗೆ, ಪ್ಲಸ್ 1, ಪ್ಲಸ್ 2 ಅಂತ ಇನ್ನೂ ಇಳಿಯುತ್ತಾ ಹೋಗುತ್ತದೆ.

ಹ್ಯಾಂಡಿಕ್ಯಾಪ್ ಹೇಗೆ ಬರುತ್ತೆ ಅಂತ ಎಷ್ಟು ಜನ ನೋಡಿದ್ದೀರಿ? 2020ರಿಂದ ಬಂದಿರುವ ಪದ್ಧತಿಯಲ್ಲಿ ಕೊನೆಯ 20 ರೌಂಡ್ (18 ಗುಳಿಯ ಒಂದು ಆಟ ಅಂದರೆ ಒಂದು ರೌಂಡ್) ತೆಗೆದುಕೊಳ್ಳುತ್ತಾರೆ. ಅದರಲ್ಲಿ ಒಳ್ಳೆಯ 8 ಮಾತ್ರ ಲೆಕ್ಕಕ್ಕೆ. ಉಳಿದ 12 ಲೆಕ್ಕಕ್ಕೇ ಬರುವುದಿಲ್ಲ. ಒಬ್ಬ ಬ್ಯಾಟ್ಸ್‌ಮನ್ ತನ್ನ 20 ಇನ್ನಿಂಗ್ಸ್‌ನಲ್ಲಿ ಚೆನ್ನಾಗಿ ಆಡಿದ 8 ಆರಿಸಿಕೊಂಡು "ಇದೇ ನನ್ನ ಆವರೇಜು" ಅಂದರೆ ನೀವು ನಗಲ್ವಾ?

ಒಂದು ಉದಾಹರಣೆ ಮಾಡಿಯೇ ನೋಡೋಣ. ಕೋರ್ಸ್ ರೇಟಿಂಗ್ (ಸೊನ್ನೆ ಹ್ಯಾಂಡಿಕ್ಯಾಪಿನವನಿಗೆ ಆ ಕೋರ್ಸಿನಲ್ಲಿ ಬೇಕಾಗುವ ಹೊಡೆತ) 72, ಪಾರ್ (ಒಂದು ರೌಂಡಿಗೆ ನಿಗದಿಯಾದ ಹೊಡೆತ) 72 ಅಂತಿಟ್ಟುಕೊಳ್ಳಿ. ಹುಡುಗನ ಒಳ್ಳೆಯ ಎಂಟು ರೌಂಡ್: 70, 71, 72, 72, 72, 73, 73, 73. ಕೂಡಿಸಿ 8ರಿಂದ ಭಾಗಿಸಿ, ಸರಿಯಾಗಿ 72. ಹ್ಯಾಂಡಿಕ್ಯಾಪ್ ಸೊನ್ನೆ. ಮನೆಯಲ್ಲಿ ಪಾಯಸ. ಉಳಿದ ಹನ್ನೆರಡು ರೌಂಡ್ ಹೀಗಿದ್ದವು: 74, 74, 75, 75, 75, 76, 76, 77, 77, 78, 79, 80. ಅದನ್ನೂ ಸೇರಿಸಿ ನೋಡಿ. ಇಪ್ಪತ್ತರ ಸರಾಸರಿ 74.6. ಇದೇ ಹುಡುಗ ನಾಲ್ಕು ದಿನದ ಟೂರ್ನಿ ಆಡಿದರೆ ಸುಮಾರು 298 ಆಗುತ್ತೆ. ಪಾರ್ 288. ಅಂದರೆ 10 ಓವರ್, ಪಾರ್‌ಗಿಂತ 10 ಹೊಡೆತ ಜಾಸ್ತಿ. ಪ್ರೊ ಟೂರ್ನಿ ಗೆಲ್ಲುವವರು ಸಾಮಾನ್ಯವಾಗಿ ಅಷ್ಟೇ ದೂರ ಇರುತ್ತಾರೆ, ಆದರೆ ಆ ಕಡೆಗೆ: 10 ಅಂಡರ್, 12 ಅಂಡರ್.

ಇನ್ನೂ ಒಂದಿದೆ. ಆ 74.6 ಬಂದಿದ್ದು ಎಲ್ಲಿ? ಸ್ವಂತ ಕೋರ್ಸಿನಲ್ಲಿ. ಯಾವ ಗ್ರೀನ್ (ಗುಳಿಯ ಸುತ್ತಲಿನ ನುಣ್ಣನೆ ಹುಲ್ಲು) ಯಾವ ಕಡೆ ಇಳಿಯುತ್ತೆ ಅಂತ ಹುಡುಗನಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಟೂರ್ನಿಯಲ್ಲಿ ಟೀ, ಅಂದರೆ ಮೊದಲ ಹೊಡೆತದ ಜಾಗ, ಹಿಂದಕ್ಕೆ ಹೋಗುತ್ತದೆ. ದಾರಿಯ ಅಕ್ಕಪಕ್ಕದ ರಫ್ ಹುಲ್ಲು ಬೆಳೆಸಿರುತ್ತಾರೆ. ಗ್ರೀನ್ ನುಣ್ಣಗೆ ಕತ್ತರಿಸಿ, ಬಂಕರ್ (ಮರಳುಗುಂಡಿ) ಹಿಂದಿನ ಮೂಲೆಯಲ್ಲಿ ಗುಳಿಯ ಬಾವುಟ, ಅಂದರೆ ಪಿನ್, ನೆಟ್ಟಿರುತ್ತಾರೆ. ಎರಡಡಿ ಪಟ್ (ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ಉಳಿದಾಗ "ಆಯ್ತು ಬಿಡೋ, ಎತ್ಕೋ" ಅನ್ನುವ ಗೆಳೆಯ ಅಲ್ಲಿ ಇರುವುದಿಲ್ಲ. ಎಲ್ಲಾ ಪಟ್ ಹಾಕಲೇಬೇಕು, ಎಲ್ಲಾ ಎಣಿಸಲೇಬೇಕು.

ಟೂರ್ ಪ್ರೊಗಳು ಇದೇ ಪದ್ಧತಿಯಲ್ಲಿ ಹ್ಯಾಂಡಿಕ್ಯಾಪ್ ಲೆಕ್ಕ ಹಾಕಿಸಿದರೆ ಹೆಚ್ಚುಕಮ್ಮಿ ಪ್ಲಸ್ 4, ಪ್ಲಸ್ 5 ಅಥವಾ ಅದಕ್ಕೂ ಆಚೆ ಬರುತ್ತಾರೆ. ಸೊನ್ನೆಯವನು ಅವರ ಜೊತೆ ಕ್ಲಬ್ ಪಂದ್ಯ ಆಡಿದರೆ, ನಿಯಮದ ಪ್ರಕಾರ ಅವನಿಗೇ ಸ್ಟ್ರೋಕ್, ಅಂದರೆ ಹೊಡೆತದ ರಿಯಾಯಿತಿ, ಕೊಡಬೇಕಾಗುತ್ತದೆ.

ಈ ಸುಳ್ಳು ಹುಟ್ಟಿದ್ದು ಎಲ್ಲಿಂದ ಅಂತಲೂ ಹೇಳಿಬಿಡುತ್ತೇನೆ. ಕೆಲವು ದೊಡ್ಡ ಟೂರ್ನಿಗಳ ಅರ್ಹತಾ ಸುತ್ತಿಗೆ ಅಮೆಚೂರ್‌ಗಳು ಅರ್ಜಿ ಹಾಕಬೇಕಾದರೆ ಹ್ಯಾಂಡಿಕ್ಯಾಪ್ ಮಿತಿ ಇರುತ್ತದೆ. ಯು.ಎಸ್. ಓಪನ್‌ಗೆ ಅದು ಈಗ 0.4. ಅಂದರೆ ನಿಮ್ಮ ಹುಡುಗನೂ ಅರ್ಜಿ ಹಾಕಬಹುದು. ಆದರೆ ಈಚಿನ ವರ್ಷಗಳಲ್ಲಿ ಅಲ್ಲಿ ಬೀಳುವ ಅರ್ಜಿ 10,000ಕ್ಕೂ ಜಾಸ್ತಿ. ಆಡುವುದು 156 ಜನ. ಅದರಲ್ಲೂ ಅರ್ಧದಷ್ಟು ಜನ ಮೊದಲೇ ನೇರ ಪ್ರವೇಶ ಪಡೆದಿರುತ್ತಾರೆ. ಸೊನ್ನೆ ಇದ್ದರೆ ಅರ್ಜಿ ಫಾರಂ ಸಿಗುತ್ತದೆ. ಅಷ್ಟೇ ಅದರ ಬೆಲೆ. ಇನ್ನು ಈ ಮಾತು ಇಲ್ಲಿಗೆ ಸಾಕು.

ಹಾಗಾದರೆ ದಾರಿ ಯಾವುದು? ಇಂಡಿಯನ್ ಗಾಲ್ಫ್ ಯೂನಿಯನ್, ಅಂದರೆ ಐಜಿಯು, ನಡೆಸುವ ಜೂನಿಯರ್ ಪಂದ್ಯಗಳು ಮೊದಲು. ಆಮೇಲೆ ದೊಡ್ಡವರ ಅಮೆಚೂರ್ ಪಂದ್ಯಗಳು. ಆಲ್ ಇಂಡಿಯಾ ಅಮೆಚೂರ್ ಅಂತೂ 1892ರಷ್ಟು ಹಳೆಯದು. ಅಲ್ಲಿ ಚೆನ್ನಾಗಿ ಆಡಿದರೆ ವಿಶ್ವ ಅಮೆಚೂರ್ ರ‍್ಯಾಂಕಿಂಗ್ ಏರುತ್ತದೆ, ದೇಶದ ತಂಡದಲ್ಲಿ ಜಾಗ ಸಿಗಬಹುದು. 2009ರಲ್ಲಿ ಶುರುವಾದ ಏಷ್ಯಾ-ಪೆಸಿಫಿಕ್ ಅಮೆಚೂರ್ ಗೆದ್ದವನಿಗೆ ನೇರವಾಗಿ ಮಾಸ್ಟರ್ಸ್ ಅನ್ನುವ ಅಮೆರಿಕದ ದೊಡ್ಡ ಟೂರ್ನಿ ಆಡುವ ಕರೆ ಬರುತ್ತದೆ. ನಿಮ್ಮ ಹುಡುಗನ ಮಟ್ಟ ತಿಳಿಯಬೇಕಾದರೆ ಹ್ಯಾಂಡಿಕ್ಯಾಪ್ ಕಾರ್ಡ್ ಮುಚ್ಚಿಡಿ. ದೇಶದ ಅಮೆಚೂರ್ ಪಂದ್ಯಗಳಲ್ಲಿ ಅವನು ಎಷ್ಟನೆಯವನಾಗಿ ಬರುತ್ತಾನೆ ನೋಡಿ. ಅಲ್ಲಿ ಮೊದಲ ಐದರಲ್ಲಿ ಮತ್ತೆ ಮತ್ತೆ ಬರದವನನ್ನು ಪ್ರೊ ಮಾಡಿಸೋದು ಸುಮ್ನೆ ದುಡ್ಡು ದಂಡ. ಇದು ನನ್ನ ಅಳತೆ. ಒಪ್ಪದವರು ಒಪ್ಪದಿರಲಿ.

ಆಮೇಲೆ ಕ್ಯೂ-ಸ್ಕೂಲ್, ಅಂದರೆ ಟೂರ್‌ಗೆ ಸೇರಲು ಆಡುವ ಅರ್ಹತಾ ಪಂದ್ಯ. ಹೆಸರಿಗೆ ಸ್ಕೂಲು, ಪಾಠ ಏನೂ ಇಲ್ಲ, ಪರೀಕ್ಷೆ ಮಾತ್ರ. ನಮ್ಮ ದೇಶದ ಗಂಡಸರ ಟೂರ್ ಪಿಜಿಟಿಐ, 2006ರಲ್ಲಿ ಶುರುವಾಯಿತು. ಈಗ ಅದರ ಅಧ್ಯಕ್ಷರು ಕಪಿಲ್ ದೇವ್, ಹೌದು, ಅದೇ ಕಪಿಲ್. ಕ್ಯೂ-ಸ್ಕೂಲ್‌ನಲ್ಲಿ ಮೇಲಿನ ಸ್ಥಾನಗಳಲ್ಲಿ ಮುಗಿಸಿದವರಿಗೆ ಆ ವರ್ಷದ ಕಾರ್ಡ್, ಅಂದರೆ ಆ ಟೂರ್‌ನಲ್ಲಿ ಆಡುವ ಹಕ್ಕು. ಏಷ್ಯನ್ ಟೂರ್‌ನ ಕೊನೆ ಹಂತದಲ್ಲಿ ಮೊದಲ 35 ಸ್ಥಾನಕ್ಕೆ ಕಾರ್ಡ್. ಅಮೆರಿಕದ ಪಿಜಿಎ ಟೂರ್ ಕೊಡೋದು ಬರೀ ಐದರಷ್ಟು. ಕಾರ್ಡ್ ಸಿಕ್ಕರೂ ವರ್ಷಪೂರ್ತಿ ಆಡಿ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಮತ್ತೆ ಅದೇ ಪರೀಕ್ಷೆ.

ಬಹಳ ಅಪ್ಪಂದಿರು ತಪ್ಪೋದು ಇಲ್ಲೇ: ಕ್ಯೂ-ಸ್ಕೂಲನ್ನು ಅಮೆಚೂರ್ ಆಗಿಯೇ ಆಡಬಹುದು. ಮೊದಲು ಪ್ರೊ ಆಗಿ ಆಮೇಲೆ ಕಾರ್ಡ್ ಹುಡುಕಬೇಕಾಗಿಲ್ಲ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಮಾಡಿದ್ದು ನೋಡಿ. ಅಪ್ಪ ಅಮ್ಮ ಮೊದಲಿನಿಂದ ಗಾಲ್ಫ್ ಆಡಿದವರಲ್ಲ. ಜೂನಿಯರ್, ಅಮೆಚೂರ್, ಯೂತ್ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಎಲ್ಲಾ ಆಡಿ, 2015ರ ಡಿಸೆಂಬರ್‌ನಲ್ಲಿ 17ನೇ ವಯಸ್ಸಿಗೆ ಮೊರಾಕ್ಕೊಗೆ ಹೋಗಿ ಲೇಡೀಸ್ ಯುರೋಪಿಯನ್ ಟೂರ್‌ನ ಕ್ಯೂ-ಸ್ಕೂಲ್ ಗೆದ್ದರು. ಪ್ರೊ ಆಗಿದ್ದು ಅದಾದ ಮೇಲೆ, 2016ರ ಜನವರಿ 1ಕ್ಕೆ. ಶಾಲೆಯನ್ನೂ ಅದೇ ವರ್ಷ ಮುಗಿಸಿದರು. ನವೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದರು. ಆ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯಳು. ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 15 ಅಂಡರ್ ಆಡಿ ನಾಲ್ಕನೆಯವರಾದರು. ಬೆಳ್ಳಿ, ಕಂಚು ಎರಡೂ 16 ಅಂಡರ್‌ಗೆ ಹೋದವು. ಆ ವಾರ ಅದಿತಿಗಿಂತ ಬಹಳ ದೂರ ಹೊಡೆಯುವವರು ಬೇಕಾದಷ್ಟಿದ್ದರು. ಅದಿತಿಯನ್ನು ಮೇಲಿಟ್ಟಿದ್ದು ಪಟರ್, ಅಂದರೆ ಪಟ್ ಹಾಕುವ ಕೋಲು.

ದುಡ್ಡಿನ ಮಾತು ಬೇಗ ಮುಗಿಸೋಣ, ಯಾಕಂದರೆ ಕೇಳಿ ಖುಷಿಪಡುವಂಥದ್ದಲ್ಲ. ಸಂಬಳ ಇಲ್ಲ. ಎರಡು ದಿನದ ಆಟ ಆದ ಮೇಲೆ ಕಟ್ ಬೀಳುತ್ತದೆ. ದಾಟದವರು ಸಾಮಾನ್ಯವಾಗಿ ಬರಿಗೈಲಿ ಮನೆಗೆ. ಒಟ್ಟು 1 ಕೋಟಿ ಬಹುಮಾನದ ಪಿಜಿಟಿಐ ಪಂದ್ಯದಲ್ಲಿ ಗೆದ್ದವನಿಗೆ 15 ಲಕ್ಷ. ಕಟ್ ದಾಟಿ ಕೊನೆಗೆ ಬಂದವನಿಗೆ ಒಟ್ಟು ಹಣದ ಶೇಕಡಾ 1 ಕೂಡ ಇಲ್ಲ. ಅದರಲ್ಲೇ ವಿಮಾನ, ಹೋಟೆಲ್, ಕ್ಯಾಡಿ (ಬ್ಯಾಗ್ ಹೊರುವವನು), ಕೋಚ್. ಗೆದ್ದ ವಾರ ಕ್ಯಾಡಿಗೆ ಹತ್ತನೇ ಒಂದು ಪಾಲು ಕೊಡುವುದು ರೂಢಿ. ಪ್ರಾಯೋಜಕರು ಇಲ್ಲದೆ ಮೊದಲ ಎರಡು ಮೂರು ವರ್ಷ ಅಪ್ಪನ ಜೇಬೇ ಗತಿ.

ಪಿಯುಸಿ? ಬಿಡಿಸಬೇಡಿ. ನಮ್ಮ ಗಾಲ್ಫ್ ಪ್ರೊ ಜೀವ್ ಮಿಲ್ಖಾ ಸಿಂಗ್ ಅಮೆರಿಕದ ಅಬಿಲೀನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಆಡಿದವರು. 1993ರಲ್ಲಿ ಅಲ್ಲಿನ ಕಾಲೇಜು ಪಂದ್ಯಾವಳಿಯ ಎರಡನೇ ವಿಭಾಗದ ಚಾಂಪಿಯನ್. ಕಾಲೇಜು ಗಾಲ್ಫ್ ನಾಲ್ಕು ವರ್ಷ ಒಳ್ಳೆಯ ಕೋರ್ಸು, ಕೋಚು, ಪೈಪೋಟಿ ಎಲ್ಲಾ ಕೊಡುತ್ತದೆ. ಒಂದು ಸಲ ಪ್ರೊ ಆದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಪ್ರೊ ಆಗಿ ಕೈಸುಟ್ಟುಕೊಂಡವರು ವಾಪಸ್ ಅಮೆಚೂರ್ ಆಗಲು ಅರ್ಜಿ ಹಾಕಬಹುದು, ನಿಜ. ಆದರೆ ಕನಿಷ್ಠ ಆರು ತಿಂಗಳು ಕಾಯಬೇಕು.

ಇಷ್ಟು ಬರೆಯುವಾಗ ಯಾರೂ ಕೇಳದ ಇನ್ನೊಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ನನಗೆ ಬರೆಯುವವರೆಲ್ಲಾ ಕ್ಲಬ್ ಮೆಂಬರ್‌ಗಳ ಮನೆಯವರು. ಅದೇ ಕ್ಲಬ್ಬಿನಲ್ಲಿ ಬ್ಯಾಗ್ ಹೊರುವ ಹುಡುಗನಿಗೆ ಈ ದಾರಿ ಇದೆಯಾ? ಇದೆ. ಜೊತೆಗೆ ಅವರು ಬೇರೆ ದಾರಿಯಲ್ಲಿ ಬಂದೂ ಗೆದ್ದಿದ್ದಾರೆ.

ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಭಾರತೀಯ ಪ್ರೊ ಒಬ್ಬ ಅದನ್ನು ಗೆದ್ದಿದ್ದು ಅದೇ ಮೊದಲು. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿದ್ದವರೇ. 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಹತ್ತಿರದ ಈಗಲ್‌ಟನ್ ಕೋರ್ಸಿನ ಪಕ್ಕದ ಹಳ್ಳಿಯ ಚಿಕ್ಕರಂಗಪ್ಪ ಅಲ್ಲೇ ಆಟ ಕಲಿತು, ಪ್ರೊ ಅನಿರ್ಬಾನ್ ಲಾಹಿರಿಯ ಕೋಚ್ ವಿಜಯ್ ದಿವೇಚಾ ಕೈಯಲ್ಲಿ ತಯಾರಾದರು. ಪಿಜಿಟಿಐನಲ್ಲಿ ಹತ್ತಕ್ಕಿಂತ ಜಾಸ್ತಿ ಗೆದ್ದಿದ್ದಾರೆ.

ಇವರಿಗೆ ಸಿಕ್ಕಿದ್ದು ಏನು? ದಿನಾ ಇನ್ನೊಬ್ಬರ ಹಿಂದೆ 18 ಹೋಲ್ ನಡೆದು, ಗ್ರೀನ್ ಓದಿ, ಯಾವ ತಪ್ಪಿಗೆ ಎಷ್ಟು ಸ್ಟ್ರೋಕ್ ಹೋಗುತ್ತೆ ಅಂತ ಕಣ್ಣಾರೆ ನೋಡಿದ್ದು. ಬಹಳ ಕ್ಲಬ್‌ಗಳಲ್ಲಿ ಸೋಮವಾರ ಕೋರ್ಸಿಗೆ ರಜೆ. ಕೆಲವು ಕಡೆ ಆ ದಿನ ಕ್ಯಾಡಿಗಳಿಗೆ ಆಡಲು ಬಿಡುತ್ತಾರೆ. ಯಾರೋ ಬಿಟ್ಟ ಹಳೇ ಸೆಟ್ಟು, ಕೆರೆಯಿಂದ ತೆಗೆದ ಚೆಂಡು, ನಡುವೆ ಹತ್ತು ರೂಪಾಯಿ ಪಂದ್ಯ. ಅಲ್ಲಿ ಎರಡಡಿ ಪಟ್ ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ.

ನಿಮ್ಮ ಕ್ಲಬ್ಬಿನಲ್ಲಿ ಅಂಥ ಆಟ ಇದ್ದರೆ, ಕಮಿಟಿಯನ್ನು ಕೇಳಿ ನಿಮ್ಮ ಹುಡುಗನನ್ನು ನಾಲ್ಕು ಸೋಮವಾರ ಅವರ ಜೊತೆ ಆಡಿಸಿ. ಎಷ್ಟು ಸ್ಕೋರ್ ಮಾಡಿದ ಅಂತ ಆಮೇಲೆ ನನಗೆ ಬರೆಯಿರಿ, ಹ್ಯಾಂಡಿಕ್ಯಾಪ್ ಎಷ್ಟಾಯ್ತು ಅಂತ ಅಲ್ಲ.