ರಾಣಿ ರೂಪಾಯಿಗೆ ಎಷ್ಟು ಬರುತ್ತದೆ?

ಹಳೆ ನಾಣ್ಯಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. "ಸರ್, ಇದಕ್ಕೆ ಎಷ್ಟು ಬರುತ್ತೆ?" ಎಂದು ನಾಣ್ಯದ ಫೋಟೊ ಕಳಿಸುವವರು ಈಗೀಗ ಕ್ಯಾಟಲಾಗ್ ಎಂಬ ನಾಣ್ಯಗಳ ಬೆಲೆಪಟ್ಟಿ ಪುಸ್ತಕದ ಒಂದು ಪುಟವನ್ನೂ ಕಳಿಸುತ್ತಾರೆ. ಅದರಲ್ಲಿರುವ ಅತಿ ದೊಡ್ಡ ಅಂಕಿಗೆ ಗುರುತು ಹಾಕಿರುತ್ತಾರೆ. ಪುಸ್ತಕ ನೋಡಿದ್ದು ಒಳ್ಳೆಯದೇ. ಆದರೆ ಬೆಲೆಪಟ್ಟಿಯನ್ನು ನಂಬಬೇಕಾದದ್ದು ಎರಡು ವಿಷಯಕ್ಕೆ: ನಿಮ್ಮ ಕೈಲಿರುವುದು ಯಾವ ನಾಣ್ಯ, ಮತ್ತು ತನ್ನ ಜಾತಿಯ ಬೇರೆ ನಾಣ್ಯಗಳ ಮುಂದೆ ಅದು ಎಷ್ಟು ಅಪರೂಪ. ನಿಮ್ಮ ಕೈಗೆ ಬರುವ ದುಡ್ಡು ಅದರಲ್ಲಿ ಬರೆದಿರುವುದಿಲ್ಲ.

ನಾಣ್ಯ ಸಂಗ್ರಾಹಕರು ಜಾಸ್ತಿ ಬಳಸುವುದು ಕ್ರೌಸ್ ಕ್ಯಾಟಲಾಗ್. ಶತಮಾನಕ್ಕೊಂದು ಸಂಪುಟ ಇದೆ. ಟಿಪ್ಪುವಿನ ಪೈಸೆ 1701–1800ರ ಸಂಪುಟದಲ್ಲಿ, ವಿಕ್ಟೋರಿಯಾ ರಾಣಿಯ ರೂಪಾಯಿ 1801–1900ರಲ್ಲಿ ಸಿಗುತ್ತದೆ. ಪ್ರತಿ ನಾಣ್ಯಕ್ಕೂ ಒಂದು ಕೆಎಂ ನಂಬರ್. ಅದರ ಮುಂದೆ ಇಸವಿ, ಆಮೇಲೆ ನಾಣ್ಯದ ಸ್ಥಿತಿಗೆ ತಕ್ಕಂತೆ ನಾಲ್ಕೈದು ಬೆಲೆ. ಎಡಗಡೆ ಸವೆದ ನಾಣ್ಯದ ಬೆಲೆ, ಬಲತುದಿಯಲ್ಲಿ ಚಲಾವಣೆಗೇ ಬಾರದ, ಟಂಕಸಾಲೆಯಿಂದ ಹೊರಬಂದ ಹಾಗೇ ಇರುವ ನಾಣ್ಯದ ಬೆಲೆ. ಜನ ಗುರುತು ಹಾಕುವುದು ಈ ಬಲತುದಿಗೆ. ನಮ್ಮ ಮನೆಗಳಲ್ಲಿರುವ ನಾಣ್ಯ ಬಹುತೇಕ ಎಡಗಡೆಯದು.

ಒಂದು ರಾಣಿ ರೂಪಾಯಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಿವಿಯ ಮೇಲಿನ ಕೂದಲಿನ ಎಳೆಗಳು ಬೇರೆಬೇರೆಯಾಗಿ ಕಾಣುತ್ತವೆಯೇ? ಕಿರೀಟದ ಕೆತ್ತನೆ, ರವಿಕೆಯ ಕಸೂತಿ ಉಳಿದಿವೆಯೇ? ಮೊದಲು ಸವೆಯುವುದು ಇವೇ ಜಾಗಗಳು. ಕೂದಲು ಒಂದೇ ಮುದ್ದೆಯಾಗಿ ಕಂಡರೆ ಅದು 'ಫೈನ್' ಎಂಬ, ಸಾಕಷ್ಟು ಸವೆದ ನಾಣ್ಯದ ದರ್ಜೆಯ ಆಸುಪಾಸು, ಅಷ್ಟೇ. ಆಮೇಲೆ ಅಂಚು ನೋಡಿ. ಅಜ್ಜಿಯ ಕಾಲದಲ್ಲಿ ಇಂಥ ರೂಪಾಯಿಗಳನ್ನು ಸರಕ್ಕೆ ಪೋಣಿಸುತ್ತಿದ್ದರು. ಅದಕ್ಕಾಗಿ ಬೆಸೆದ ಕೊಂಡಿಯನ್ನು ಎಷ್ಟೇ ಚೆನ್ನಾಗಿ ತೆಗೆಸಿದರೂ ಅಂಚಿನಲ್ಲಿ ಬೆಸುಗೆಯ ಗುರುತು ಉಳಿಯುತ್ತದೆ. ಸಾಮಾನ್ಯ ಇಸವಿಯ ನಾಣ್ಯವಾದರೆ ಅಲ್ಲಿಗೆ ಬೆಳ್ಳಿಯ ಬೆಲೆಗೆ ಇಳಿಯುತ್ತದೆ.

ಮನೆಯಲ್ಲೇ ಆಗುವ ಇನ್ನೊಂದು ನಷ್ಟ ತೊಳೆಯುವುದು. ದಯವಿಟ್ಟು ತೊಳೆಯಬೇಡಿ. ಹಬ್ಬಕ್ಕೆ ಪೂಜೆ ಸಾಮಾನಿನ ಜತೆ ತಾಮ್ರದ ಕಾಸನ್ನೂ ಹುಣಸೆಹಣ್ಣು ಹಾಕಿ ಉಜ್ಜಿಬಿಡುತ್ತಾರೆ. ಆ ಕಾಸಿನ ಮೇಲೆ ನೂರಾರು ವರ್ಷಗಳಿಂದ ಕೂತ ಕಂದು ಬಣ್ಣದ ಪದರವೇ ಅದರ ಹಳೆತನಕ್ಕೆ ಸಾಕ್ಷಿ. ಹುಳಿ ಅದನ್ನು ತಿಂದು ಹಾಕುತ್ತದೆ, ಕೆಳಗಿನ ತಾಮ್ರ ಗುಲಾಬಿಯಾಗಿ ಹೊಳೆಯುತ್ತದೆ. ನೋಡಲು ಚಂದ ಅನ್ನಿಸಬಹುದು, ಆದರೆ ಕೊಳ್ಳುವವನು ದೂರದಿಂದಲೇ ಗುರುತು ಹಿಡಿಯುತ್ತಾನೆ. ಕುಂಕುಮ ಮೆತ್ತಿದ್ದರೂ ಪರವಾಗಿಲ್ಲ, ಹಾಗೇ ತನ್ನಿ.

ಇನ್ನು ಗುರುತಿಸುವ ಕೆಲಸ. ಬೆಲೆಪಟ್ಟಿಗೆ ಕೊಟ್ಟ ದುಡ್ಡು ವಾಪಸ್ ಬರುವುದು ಇಲ್ಲೇ. 1862 ಎಂದು ಬರೆದ ರೂಪಾಯಿ ಹಳ್ಳಿಹಳ್ಳಿಯಲ್ಲೂ ಸಿಗುತ್ತದೆ, ಏಕೆಂದರೆ ಅದೇ ಇಸವಿ ಹಾಕಿ 1874ರವರೆಗೂ ಟಂಕಿಸಿದರು. ಮುಂಬೈ ಟಂಕಸಾಲೆಯವರು ನಿಜವಾದ ವರ್ಷ ತಿಳಿಯಲೆಂದು ಹಿಂಬದಿಯಲ್ಲಿ ಸಣ್ಣ ಸಣ್ಣ ಚುಕ್ಕಿ ಇಟ್ಟರು. ಚುಕ್ಕಿ ಎಷ್ಟು, ಎಲ್ಲಿವೆ ಎಂಬುದರ ಮೇಲೆ ಬೆಲೆ ಬದಲಾಗುತ್ತದೆ. ಭೂತಗನ್ನಡಿ ಇಲ್ಲದೆ 1862ಕ್ಕೆ ಬೆಲೆ ಹೇಳುವವರನ್ನು ನಂಬಬೇಡಿ.

ಟಿಪ್ಪುವಿನ ನಾಣ್ಯದಲ್ಲಿ ತೊಡಕು ಬೇರೆ. ಅವನು ಮೌಲೂದಿ ಎಂಬ ಹೊಸ ಶಕೆ ತಂದ. ಆ ಶಕೆಯ 1215ರಿಂದ, ಅಂದರೆ 1787ರ ಹೊತ್ತಿನಿಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆನೆ ಪೈಸೆಯ ಮೇಲೆ 8121 ಎಂದು ಕಂಡರೆ ಅದನ್ನು 1218 ಎಂದು ಓದಬೇಕು. ಇದು ಗೊತ್ತಿಲ್ಲದೆ ಹುಡುಕಿದವರಿಗೆ ಪುಸ್ತಕದಲ್ಲಿ ಆ ನಾಣ್ಯ ಸಿಗುವುದೇ ಇಲ್ಲ, 'ಪಟ್ಟಿಯಲ್ಲೇ ಇಲ್ಲದ ಅಪರೂಪದ ನಾಣ್ಯ' ಎಂದುಕೊಳ್ಳುತ್ತಾರೆ. ಇಸವಿಯ ಜತೆ ಟಂಕಸಾಲೆಯ ಹೆಸರನ್ನೂ ಓದಬೇಕು. ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಪೈಸೆ ಬೇಕಾದಷ್ಟಿವೆ. ಕೆಲವು ಸಣ್ಣ ಟಂಕಸಾಲೆಗಳವು ಕಣ್ಣಿಗೆ ಬೀಳುವುದೇ ಅಪರೂಪ.

ಆರನೇ ಜಾರ್ಜ್ ರಾಜನ 1938ರ ರೂಪಾಯಿ ಸಾಮಾನ್ಯ. ನೋಡಲು ಹಾಗೇ ಇರುವ 1939ರದ್ದು ಬಹಳ ಅಪರೂಪ, ಪಟ್ಟಿಯಲ್ಲಿ ಅದರ ಬೆಲೆ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಹಾಗಾಗಿಯೇ 8 ಅನ್ನು 9 ಮಾಡಿದ ನಾಣ್ಯಗಳೂ, ಪೂರ್ತಿ ನಕಲಿಗಳೂ ಮಾರುಕಟ್ಟೆಯಲ್ಲಿವೆ. 1939ರದ್ದು ಸಿಕ್ಕರೆ ಮೊದಲು ನಕಲಿ ಎಂದೇ ಎಣಿಸಿ ಪರೀಕ್ಷೆ ಶುರು ಮಾಡಬೇಕು.

ಕಥೆ ದೊಡ್ಡದಿದ್ದ ಮಾತ್ರಕ್ಕೆ ಬೆಲೆ ದೊಡ್ಡದಾಗುವುದಿಲ್ಲ. 1911ರ ಐದನೇ ಜಾರ್ಜ್ ರೂಪಾಯಿಯ ಕಥೆ ಅನೇಕರು ಕೇಳಿರುತ್ತೀರಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಗಲಾಟೆಯಾಯಿತು. ನಾಣ್ಯ ಹಿಂದಕ್ಕೆ ಪಡೆದರು, 1912ರಿಂದ ಆನೆಯನ್ನು ತಿದ್ದಿದರು. ಆದರೆ ಅಷ್ಟರಲ್ಲಿ ಲಕ್ಷಗಟ್ಟಲೆ ನಾಣ್ಯ ಜನರ ಕೈ ಸೇರಿತ್ತು. ಮುಂದಿನ ವರ್ಷಗಳ ರೂಪಾಯಿಗಿಂತ ಅದಕ್ಕೆ ಜಾಸ್ತಿ ಬರುವುದು ನಿಜ, ಆದರೆ ಮನೆ ಕಟ್ಟಿಸುವಷ್ಟು ಬರುವುದಿಲ್ಲ.

ತಳದ ಬೆಲೆ ನೀವೇ ಲೆಕ್ಕ ಹಾಕಬಹುದು. 1835ರಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7 ಪಾಲು. ಅಂದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 1945ರವರೆಗಿನದರಲ್ಲಿ ಅರ್ಧ ಮಾತ್ರ ಬೆಳ್ಳಿ, 5.83 ಗ್ರಾಂ. 1947ರ ಹುಲಿ ಚಿತ್ರದ ರೂಪಾಯಿ ನಿಕ್ಕಲ್, ಬೆಳ್ಳಿ ಸೊನ್ನೆ. ಬೆಳ್ಳಿ ಈಚಿನ ವರ್ಷಗಳಲ್ಲಿ ಎಷ್ಟು ಏರಿದೆ ಎಂದರೆ, ಹಳೆ ಮುದ್ರಣದ ಕ್ಯಾಟಲಾಗಿನಲ್ಲಿ ಸಾಮಾನ್ಯ ರೂಪಾಯಿಗೆ ಹಾಕಿದ ಬೆಲೆ ಇವತ್ತಿನ ಬೆಳ್ಳಿ ಬೆಲೆಗಿಂತ ಕಡಿಮೆ ಇರಬಹುದು. ಅದನ್ನೇ ತೋರಿಸಿ ನಿಮ್ಮಿಂದ ಅಗ್ಗಕ್ಕೆ ಕೊಳ್ಳುವವರಿದ್ದಾರೆ. ಮೊದಲು ಆ ದಿನದ ಬೆಳ್ಳಿ ದರ ನೋಡಿ.

ಕ್ಯಾಟಲಾಗಿನ ಬೆಲೆ ಡಾಲರಿನಲ್ಲಿದೆ, ಜನ ಸುಮ್ನೆ ಡಾಲರ್ ದರದಿಂದ ಗುಣಿಸಿಬಿಡುತ್ತಾರೆ. ಆದರೆ ಆ ಬೆಲೆ ಕೊಡುವ ಅಮೆರಿಕದ ಮಾರುಕಟ್ಟೆಗೆ ನಿಮ್ಮ ನಾಣ್ಯ ಹೋಗುವಂತಿಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ದೇಶದಾಚೆ ಕಳಿಸಿದರೆ ಅಪರಾಧ, ಅದರ ವ್ಯಾಪಾರ ಮಾಡಲು ಪರವಾನಗಿ ಬೇಕು. ಹಾಗಾಗಿ ನೋಡಬೇಕಾದದ್ದು ನಮ್ಮಲ್ಲೇ ನಡೆದ ಹರಾಜಿನ ಬೆಲೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ಟೋಡಿವಾಲಾ ಮುಂತಾದ ಹರಾಜು ಸಂಸ್ಥೆಗಳ ಫಲಿತಾಂಶ ನೋಡಲು ಸಿಗುತ್ತದೆ. ಅದೇ ಕೆಎಂ ನಂಬರ್, ಅದೇ ಇಸವಿ, ಅಷ್ಟೇ ಸವೆತ ಇರುವ ಮೂರ್ನಾಲ್ಕು ನಾಣ್ಯ ಹುಡುಕಿ. ಕೆಲವು ಅಪರೂಪದ ನಾಣ್ಯಗಳಿಗೆ ಇಲ್ಲಿ ಕ್ಯಾಟಲಾಗಿಗಿಂತ ಜಾಸ್ತಿಯೇ ಬಂದಿರುತ್ತದೆ. ಆದರೆ ಕೊಂಡವರು ಕೊಟ್ಟ ದುಡ್ಡಿನಲ್ಲಿ ಹರಾಜು ಸಂಸ್ಥೆಯ ಶುಲ್ಕ, ತೆರಿಗೆ ಸೇರಿರುತ್ತವೆ, ಮಾರುವವರಿಂದಲೂ ಕಮಿಷನ್ ಹಿಡಿಯುವುದುಂಟು. ಅವನ್ನು ಕಳೆದು ಉಳಿದದ್ದು ನಿಮ್ಮದು. ಅಂಗಡಿಯವರು ಇನ್ನೂ ಕಡಿಮೆ ಕೊಡುತ್ತಾರೆ, ಅದು ಅನ್ಯಾಯವೇನಲ್ಲ. ಅವರು ಅದನ್ನು ಗಿರಾಕಿ ಬರುವವರೆಗೆ ದುಡ್ಡು ಹಾಕಿ ಇಟ್ಟುಕೊಳ್ಳಬೇಕಲ್ವಾ? 

ಹನುಮಂತ ಅಥವಾ ರಾಮನ ಚಿತ್ರ, ಒಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದದ್ದು ಯಾವ ನಾಣ್ಯದ ಪಟ್ಟಿಯಲ್ಲೂ ಇಲ್ಲ, ಏಕೆಂದರೆ ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ. ಇವನ್ನಿಟ್ಟುಕೊಂಡು 'ರೈಸ್ ಪುಲ್ಲಿಂಗ್', ಅಂದರೆ ಅಕ್ಕಿ ಕಾಳನ್ನು ಸೆಳೆಯುವ ಶಕ್ತಿ ಇದಕ್ಕಿದೆ ಎಂದು ಕೋಟಿಗಳ ಆಸೆ ತೋರಿಸಿ ಜನರನ್ನು ಹಾಳು ಮಾಡಿದ್ದಾರೆ. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ, ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎಂದು ಕರೆ ಬಂದು, ಮೊದಲು ತೆರಿಗೆ, ಕಮಿಷನ್ ಕಟ್ಟಿ ಎಂದರೆ ಫೋನ್ ಇಟ್ಟುಬಿಡಿ. ತನ್ನ ಹೆಸರು ಬಳಸಿ ಹೀಗೆ ದುಡ್ಡು ಕೇಳುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಕೊನೆಗೆ ಪಾಲಿನ ವಿಷಯ. ಅಪ್ಪನ ಪೆಟ್ಟಿಗೆಯ ನಾಣ್ಯಗಳನ್ನು ಅಣ್ಣ ಇಟ್ಟುಕೊಂಡು ತಂಗಿಗೆ ದುಡ್ಡು ಕೊಡುವಾಗ ಯಾವ ಬೆಲೆ ಹಿಡಿಯಬೇಕು? ಕ್ಯಾಟಲಾಗ್ ಹಿಡಿದರೆ ಬಹುಪಾಲು ಅಣ್ಣನಿಗೆ ನಷ್ಟ, ಅಂಗಡಿಯ ಬೆಲೆ ಹಿಡಿದರೆ ತಂಗಿಗೆ. ನಾನು ಹಿಡಿಯುವುದು ಈಚಿನ ಹರಾಜಿನ ಸರಾಸರಿಯಲ್ಲಿ ಖರ್ಚು ಕಳೆದದ್ದನ್ನು. ಪ್ರತಿ ನಾಣ್ಯದ ತೂಕ, ಕೆಎಂ ನಂಬರ್, ಸ್ಥಿತಿ, ಯಾವ ದಿನದ ಬೆಳ್ಳಿ ದರ ಎಂಬುದನ್ನು ಬರೆದು, ಎರಡೂ ಬದಿಯ ಫೋಟೊ ಅಂಟಿಸಿ, ಇಬ್ಬರಿಗೂ ಒಂದೊಂದು ಪ್ರತಿ ಕೊಡುತ್ತೇನೆ. ನೀವು ಬೇರೆ ಯಾರ ಹತ್ತಿರ ಬೆಲೆ ಕಟ್ಟಿಸಿದರೂ ಇಷ್ಟನ್ನು ಬರಹದಲ್ಲಿ ಕೇಳಿ ಪಡೆಯಿರಿ.